ಸಪ್ಪಳ ಮೊದಲು, ನಡುಕ ಆಮೇಲೆ

ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತಾಗಲೆಲ್ಲ ಒಂದು ವಾಕ್ಯ ನನ್ನ ಕೆಂಪು ಪೆನ್ನನ್ನು ತಡೆದು ನಿಲ್ಲಿಸುತ್ತದೆ. ‘ವಸ್ತುವಿನ ಸಾಂದ್ರತೆ ಹೆಚ್ಚಿದಂತೆ ಅದರಲ್ಲಿ ಶಬ್ದದ ವೇಗವೂ ಹೆಚ್ಚುತ್ತದೆ’ ಎಂದು ಮಕ್ಕಳು ದುಂಡಗಿನ ಅಕ್ಷರಗಳಲ್ಲಿ, ಯಾವ ಅನುಮಾನವೂ ಇಲ್ಲದೆ ಬರೆದಿರುತ್ತಾರೆ. ಗೈಡುಗಳಲ್ಲಿ ಈ ವಾಕ್ಯವಿದೆ, ಟ್ಯೂಷನ್ನಿನ ನೋಟ್ಸಿನಲ್ಲಿದೆ, ನೌಕರಿಯ ಪರೀಕ್ಷೆಗೆ ಓದುವ ಅವರ ಅಣ್ಣ-ಅಕ್ಕಂದಿರ ಬಾಯಲ್ಲೂ ಇದೆ. ಮೇಲ್ನೋಟಕ್ಕೆ ಅದು ಸರಿಯಾಗಿಯೇ ಕಾಣುತ್ತದೆ. ಗಾಳಿ ಹಗುರ, ನೀರು ಅದಕ್ಕಿಂತ ಭಾರ, ಕಬ್ಬಿಣ ಇನ್ನೂ ಭಾರ. ಶಬ್ದದ ವೇಗವೂ ಅದೇ ಕ್ರಮದಲ್ಲಿ ಏರುತ್ತ ಹೋಗುತ್ತದೆ. ಮೂರು ಉದಾಹರಣೆಗಳು ಸಾಲಾಗಿ ಹೊಂದಿಕೊಂಡ ಮೇಲೆ ನಾಲ್ಕನೆಯದನ್ನು ನೋಡುವ ತೊಂದರೆಯನ್ನು ಯಾರು ತೆಗೆದುಕೊಳ್ಳುತ್ತಾರೆ?

ಆದರೆ ನಾಲ್ಕನೆಯ ಉದಾಹರಣೆ ಅವರ ಕೈಯಲ್ಲಿರುವ ಪಾಠದಲ್ಲೇ ಇದೆ. 25 ಡಿಗ್ರಿ ಉಷ್ಣಾಂಶದಲ್ಲಿ ಬೇರೆ ಬೇರೆ ವಸ್ತುಗಳಲ್ಲಿ ಶಬ್ದದ ವೇಗವನ್ನು ಕೊಟ್ಟಿರುವ ಪಟ್ಟಿಯಲ್ಲಿ ಅಲ್ಯೂಮಿನಿಯಮ್ಮಿಗೆ ಸೆಕೆಂಡಿಗೆ 6420 ಮೀಟರ್, ಕಬ್ಬಿಣಕ್ಕೆ 5950, ಹಿತ್ತಾಳೆಗೆ 4700. ಅಲ್ಯೂಮಿನಿಯಮ್ಮಿನ ಸಾಂದ್ರತೆ ಕಬ್ಬಿಣದ ಮೂರನೇ ಒಂದು ಭಾಗದಷ್ಟು; ಹಿತ್ತಾಳೆ ಕಬ್ಬಿಣಕ್ಕಿಂತ ಭಾರ. ಅಂದರೆ ಈ ಮೂರು ಲೋಹಗಳಲ್ಲಿ ಹಗುರವಾದದ್ದೇ ಎಲ್ಲಕ್ಕಿಂತ ವೇಗ, ಭಾರವಾದದ್ದೇ ಎಲ್ಲಕ್ಕಿಂತ ನಿಧಾನ. ಕೆಳಗಿನ ಸಾಲುಗಳಲ್ಲಿ ಅನಿಲಗಳು ಬರುತ್ತವೆ. ಎಲ್ಲ ಅನಿಲಗಳಲ್ಲೂ ಹಗುರವಾದ ಹೈಡ್ರೋಜನ್ನಿನಲ್ಲಿ ವೇಗ 1284 ಮೀಟರ್, ಅದರ ಹದಿನಾರು ಪಟ್ಟು ಭಾರವಾದ ಆಕ್ಸಿಜನ್ನಿನಲ್ಲಿ 316. ಹದಿನಾರರ ವರ್ಗಮೂಲ ನಾಲ್ಕು. 1284ನ್ನು ನಾಲ್ಕರಿಂದ ಭಾಗಿಸಿದರೆ 321. ಆ ವಾಕ್ಯದ ಗೊಡವೆಯನ್ನೇ ಬಿಟ್ಟು ಪಟ್ಟಿಯೊಂದನ್ನೇ ಮನಸ್ಸಿಟ್ಟು ಓದಿದ ಮಗುವಿಗೆ ಅರ್ಧ ನಿಯಮ ತಾನಾಗಿಯೇ ಸಿಕ್ಕಿಬಿಡುತ್ತದೆ: ಉಳಿದದ್ದೆಲ್ಲ ಸಮನಾಗಿದ್ದರೆ ಭಾರವು ಶಬ್ದವನ್ನು ನಿಧಾನಗೊಳಿಸುತ್ತದೆ.

ಬಿಗುವು ಮತ್ತು ಭಾರ

ಹಾಗಾದರೆ ಕಬ್ಬಿಣದಲ್ಲಿ ಗಾಳಿಗಿಂತ ಹದಿನೇಳು ಪಟ್ಟು ವೇಗ ಎಲ್ಲಿಂದ ಬಂತು? ಇದನ್ನು ವಿವರಿಸಲು ನಾನು ಮಕ್ಕಳಿಗೆ ವಾಡಿ ಜಂಕ್ಷನ್ನನ್ನು ನೆನಪಿಸುತ್ತೇನೆ. ಸಿಮೆಂಟ್ ತುಂಬಿದ ಉದ್ದನೆಯ ಗೂಡ್ಸ್ ಗಾಡಿ ನಿಂತಿದೆ. ಎಂಜಿನ್ ಬಂದು ಒಂದು ತುದಿಗೆ ಮೆಲ್ಲಗೆ ತಾಗುತ್ತದೆ. ಆ ತಾಗು ಡಬ್ಬಿಯಿಂದ ಡಬ್ಬಿಗೆ ದಾಟುತ್ತ ಕೊನೆಯ ಗಾರ್ಡ್ ಡಬ್ಬಿಯವರೆಗೂ ಓಡುತ್ತದೆ. ಯಾವ ಡಬ್ಬಿಯೂ ಗೇಣುದ್ದಕ್ಕಿಂತ ಹೆಚ್ಚು ಸರಿದಿರುವುದಿಲ್ಲ, ಆದರೆ ಹೊಡೆತ ಮಾತ್ರ ಗಾಡಿಯ ಉದ್ದವನ್ನೆಲ್ಲ ದಾಟಿರುತ್ತದೆ. ಡಬ್ಬಿಗಳ ನಡುವಿನ ಜೋಡಣೆ ಬಿಗಿಯಾಗಿದ್ದರೆ ಹೊಡೆತ ಬೇಗ ದಾಟುತ್ತದೆ, ಸಡಿಲವಾಗಿದ್ದರೆ ತಡವಾಗಿ. ಜೋಡಣೆ ಅಷ್ಟೇ ಇದ್ದು ಡಬ್ಬಿಗಳು ತುಂಬಿದ್ದರೆ, ಖಾಲಿ ಡಬ್ಬಿಗಳಿಗಿಂತ ಅವು ಕದಲಲು ಹೆಚ್ಚು ಸಮಯ ಬೇಕು. ಶಬ್ದವೂ ವಸ್ತುವಿನ ಕಣಗಳ ನಡುವೆ ದಾಟುವ ತಳ್ಳಾಟವೇ. ಕಣಗಳ ನಡುವಿನ ಬಿಗುವು ಅದನ್ನು ಮುಂದಕ್ಕೆ ಓಡಿಸುತ್ತದೆ, ಕಣಗಳ ಭಾರ ಅದನ್ನು ಹಿಡಿದಿಡುತ್ತದೆ. ಬಿಗುವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ. ಪುಸ್ತಕದ ಭಾಷೆಯಲ್ಲಿ ಬಿಗುವಿಗೆ ಸ್ಥಿತಿಸ್ಥಾಪಕ ಗುಣಾಂಕ ಎನ್ನುತ್ತಾರೆ.

ಈ ಲೆಕ್ಕವನ್ನು ನೀರಿಗೆ ಹಚ್ಚಿ ನೋಡಬೇಕು. ನೀರು ಗಾಳಿಗಿಂತ ಸುಮಾರು 830 ಪಟ್ಟು ಭಾರ. ಭಾರವೊಂದೇ ಲೆಕ್ಕಕ್ಕೆ ಬರುವುದಾಗಿದ್ದರೆ ನೀರಿನಲ್ಲಿ ಶಬ್ದ ತೆವಳಬೇಕಿತ್ತು. ಆದರೆ ನೀರನ್ನು ಅದುಮುವುದು ಗಾಳಿಯನ್ನು ಅದುಮುವುದಕ್ಕಿಂತ ಸುಮಾರು ಹದಿನೈದು ಸಾವಿರ ಪಟ್ಟು ಕಷ್ಟ. ಹದಿನೈದು ಸಾವಿರವನ್ನು 830ರಿಂದ ಭಾಗಿಸಿದರೆ ಹದಿನೆಂಟು ಚಿಲ್ಲರೆ. ಅದರ ವರ್ಗಮೂಲ ನಾಲ್ಕೂಕಾಲಿನ ಆಸುಪಾಸು. ಗಾಳಿಯ 343 ಮೀಟರನ್ನು ಅದರಿಂದ ಗುಣಿಸಿದರೆ ನೀರಿನ 1480 ಮೀಟರ್ ಹತ್ತಿರಕ್ಕೆ ಬಂದು ನಿಲ್ಲುತ್ತೇವೆ. ಪಾದರಸದ ಉದಾಹರಣೆ ನನಗೆ ಇನ್ನೂ ಇಷ್ಟ. ಅದು ನೀರಿಗಿಂತ ಹದಿಮೂರೂವರೆ ಪಟ್ಟು ಭಾರ, ಬಿಗುವಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಮುಂದೆ. ಹಾಗಾಗಿ ಅದರಲ್ಲಿ ಶಬ್ದದ ವೇಗ ಸುಮಾರು 1450 ಮೀಟರ್, ನೀರಿಗಿಂತ ಕೂದಲೆಳೆಯಷ್ಟು ಕಡಿಮೆ. ಸಾಂದ್ರತೆಯ ವಾಕ್ಯವನ್ನು ನಂಬಿದವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಸೀಸದ ಕಥೆ ಬೇರೆ: ಅದು ಕಬ್ಬಿಣಕ್ಕಿಂತ ಭಾರ, ಆದರೆ ಮೆದು, ಅದರಲ್ಲಿ ವೇಗ ಕಬ್ಬಿಣದಲ್ಲಿರುವುದರ ಅರ್ಧಕ್ಕೂ ಕಡಿಮೆ. ವಜ್ರ ಕಬ್ಬಿಣದ ಅರ್ಧದಷ್ಟೂ ತೂಗುವುದಿಲ್ಲ, ಆದರೆ ಅದರ ಬಿಗುವಿಗೆ ಸಾಟಿಯಿಲ್ಲ; ವೇಗ ಸೆಕೆಂಡಿಗೆ ಹನ್ನೆರಡು ಕಿಲೋಮೀಟರಿಗಿಂತಲೂ ಹೆಚ್ಚು.

ಈನೋ ಹಾಕಿದ ಲೋಟ

ಅಂಕಿಗಳನ್ನು ಒಪ್ಪುವುದು ಬೇರೆ, ಕಿವಿಯಿಂದ ಕೇಳಿ ಒಪ್ಪುವುದು ಬೇರೆ. ನಮ್ಮ ಶಾಲೆಯಲ್ಲಿ ಶಬ್ದದ ವೇಗ ಅಳೆಯುವ ಉಪಕರಣಗಳಿಲ್ಲ. ಇರುವುದು ಒಂದು ದಪ್ಪ ಗಾಜಿನ ಲೋಟ, ಒಂದು ಸ್ಟೀಲ್ ಚಮಚ, ಅಂಗಡಿಯಿಂದ ತಂದ ಈನೋ ಪೊಟ್ಟಣ. ಲೋಟಕ್ಕೆ ಮುಕ್ಕಾಲು ಭಾಗ ನೀರು ತುಂಬಿ, ಚಮಚವನ್ನು ನೀರೊಳಗೆ ಇಳಿಸಿ, ಲೋಟದ ತಳವನ್ನು ಅದರ ತುದಿಯಿಂದ ಒಂದೇ ಸಮನೆ ಬಡಿಯುತ್ತ ಹೋಗಬೇಕು. ಟಿಣ್ ಟಿಣ್ ಎಂಬ ಸಪೂರ ನಾದ ಬರುತ್ತದೆ. ಬಡಿಯುವುದನ್ನು ನಿಲ್ಲಿಸದೆ ಈನೋ ಸುರಿಯಬೇಕು. ನೀರು ಬುಸುಗುಟ್ಟಿ ಬೆಳ್ಳಗಾದ ಕ್ಷಣದಲ್ಲೇ ನಾದ ಕುಸಿಯುತ್ತದೆ; ಟಿಣ್ ಹೋಗಿ ದಬ್ ಆಗುತ್ತದೆ. ಹಿಂದಿನ ಬೆಂಚಿನವರು ಮೇಡಂ ಚಮಚ ಬದಲಿಸಿದರೇನೋ ಎಂದು ಎದ್ದು ನಿಂತು ನೋಡುತ್ತಾರೆ. ಗುಳ್ಳೆಗಳು ಮೇಲೇರಿ ಒಡೆಯುತ್ತ ನೀರು ತಿಳಿಯಾಗತೊಡಗಿದಂತೆ ನಾದವೂ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಕೊನೆಗೆ ಮೊದಲಿನ ಟಿಣ್‌ಗೆ ಬಂದು ಸೇರುತ್ತದೆ. ಈ ಏರಿಕೆಯನ್ನು ಕೇಳುವಾಗ ತರಗತಿಯಲ್ಲಿ ಯಾರೂ ಉಸಿರೆತ್ತುವುದಿಲ್ಲ.

ಲೋಟದ ನೀರಿನಲ್ಲಿ ಶಬ್ದ ತಳದಿಂದ ಮೇಲ್ಮೈಗೆ, ಮೇಲ್ಮೈಯಿಂದ ತಳಕ್ಕೆ ಓಡಾಡುತ್ತಿರುತ್ತದೆ. ಓಡಾಟ ಬೇಗವಾದರೆ ನಾದದ ಶ್ರುತಿ ಮೇಲೆ, ನಿಧಾನವಾದರೆ ಕೆಳಗೆ. ಲೋಟದ ಎತ್ತರ ಬದಲಾಗಿಲ್ಲ. ಹಾಗಾಗಿ ಬದಲಾದದ್ದು ವೇಗವೇ. ಗುಳ್ಳೆಗಳು ತುಂಬಿದ ನೀರಿನ ಭಾರ ಹೆಚ್ಚುಕಡಿಮೆ ನೀರಿನದೇ, ಆದರೆ ಬಿಗುವು ಗುಳ್ಳೆಗಳಲ್ಲಿರುವ ಅನಿಲದ್ದು. ತಳ್ಳಿದಾಗ ನೀರು ಬಗ್ಗುವುದಿಲ್ಲ, ಗುಳ್ಳೆ ಬಗ್ಗುತ್ತದೆ. ನೀರಿನಲ್ಲಿ ನೂರಕ್ಕೆ ಒಂದು ಪಾಲು ಗಾಳಿ ಸಣ್ಣ ಗುಳ್ಳೆಗಳಾಗಿ ಸೇರಿದರೆ ಸಾಕು, ಶಬ್ದದ ವೇಗ 1480ರಿಂದ ನೂರು-ನೂರಿಪ್ಪತ್ತು ಮೀಟರಿಗೆ ಇಳಿಯುತ್ತದೆ. ಇದು ನೀರಿನಲ್ಲಿರುವ ವೇಗಕ್ಕಿಂತ ಮಾತ್ರವಲ್ಲ, ಗಾಳಿಯಲ್ಲಿರುವ ವೇಗಕ್ಕಿಂತಲೂ ಕಡಿಮೆ! ಎರಡು ವಸ್ತುಗಳನ್ನು ಬೆರೆಸಿದರೆ ಫಲ ಅವೆರಡರ ನಡುವೆ ಎಲ್ಲೋ ಇರಬೇಕು ಎಂದು ನಮ್ಮ ಬುದ್ಧಿ ಹೇಳುತ್ತದೆ. ಇಲ್ಲಿ ಮಿಶ್ರಣವು ಒಂದರ ಭಾರವನ್ನೂ ಇನ್ನೊಂದರ ಮೆತುವನ್ನೂ ಪಡೆದು, ಎರಡಕ್ಕಿಂತಲೂ ಕೆಳಗೆ ಹೋಗಿಬಿಡುತ್ತದೆ. ಬಿಗುವು ಮತ್ತು ಭಾರ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಗೊತ್ತಿಲ್ಲ.

ಮೇ ತಿಂಗಳ ಗಾಳಿ

ನಮ್ಮ ಕಡೆಯ ಬಿಸಿಲಿನ ಬಗ್ಗೆ ಓದುಗರಿಗೆ ಹೇಳಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇರುವಾಗ ಕಲಬುರಗಿಯ ಗಾಳಿಯಲ್ಲಿ ಶಬ್ದದ ವೇಗ ಸುಮಾರು 356 ಮೀಟರ್. ಡಿಸೆಂಬರಿನಲ್ಲಿ ಬೀದರಿನ 12 ಡಿಗ್ರಿಯ ಬೆಳಗಿಗೆ ಸುಮಾರು 339. ಉಷ್ಣಾಂಶ ಒಂದು ಡಿಗ್ರಿ ಏರಿದರೆ ವೇಗ 0.6 ಮೀಟರ್ ಏರುತ್ತದೆ. ಕಾದ ಗಾಳಿ ಹಿಗ್ಗಿ ಹಗುರವಾಗುತ್ತದೆ, ಅದರ ಬಿಗುವನ್ನು ನಿರ್ಧರಿಸುವ ಒತ್ತಡ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಶಬ್ದಕ್ಕೆ ಹಾದಿ ಸುಲಭ. ಬೀದರ್ ಎತ್ತರದಲ್ಲಿದೆ, ಯಾದಗಿರಿ ತಗ್ಗಿನಲ್ಲಿದೆ, ಎತ್ತರದ ತೆಳು ಗಾಳಿಯಲ್ಲಿ ವೇಗ ಬೇರೆಯಿರಬೇಕಲ್ಲವೇ ಎಂದು ಒಮ್ಮೆ ಸಹೋದ್ಯೋಗಿಯೊಬ್ಬರು ಕೇಳಿದ್ದರು. ಎತ್ತರಕ್ಕೆ ಹೋದಂತೆ ಸಾಂದ್ರತೆಯ ಜೊತೆಗೆ ಒತ್ತಡವೂ ಇಳಿಯುತ್ತದೆ. ಉಷ್ಣಾಂಶ ಒಂದೇ ಆಗಿದ್ದರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿದು ಭಾಗಲಬ್ಧ ಹಾಗೆಯೇ ಉಳಿಯುತ್ತದೆ. ಎರಡು ಊರುಗಳ ನಡುವೆ ವ್ಯತ್ಯಾಸ ಇದ್ದರೆ ಅದು ಚಳಿ-ಬಿಸಿಲಿನದು ಮಾತ್ರ.

ಗಾಳಿಯ ಬಿಗುವನ್ನು ಲೆಕ್ಕ ಹಾಕುವುದರಲ್ಲಿ ನ್ಯೂಟನ್ನನಂಥವನೂ ಎಡವಿದ್ದ. 1687ರಲ್ಲಿ ಅವನು ಪ್ರಕಟಿಸಿದ ವಿಧಾನದಿಂದ ಬರುವ ವೇಗ ನಿಜವಾದ ವೇಗಕ್ಕಿಂತ ಸುಮಾರು ಶೇಕಡ 15ರಷ್ಟು ಕಡಿಮೆ. ಅದುಮಿದ ಗಾಳಿ ಬಿಸಿಯಾಗುತ್ತದೆ. ಶಬ್ದದಲ್ಲಿ ಅದುಮುವಿಕೆ ಎಷ್ಟು ಬೇಗ ಆಗುತ್ತದೆಂದರೆ ಆ ಬಿಸಿ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ, ಆದ್ದರಿಂದ ಗಾಳಿ ಲೆಕ್ಕಕ್ಕಿಂತ ಹೆಚ್ಚು ಬಿಗುವು ತೋರಿಸುತ್ತದೆ ಎಂದು ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1816ರಲ್ಲಿ ಹೇಳುವವರೆಗೂ ಆ ಕೊರತೆಗೆ ಸರಿಯಾದ ಕಾರಣ ಸಿಕ್ಕಿರಲಿಲ್ಲ. ಹೆಚ್ಚು ಕಡಿಮೆ 130 ವರ್ಷ. ತಪ್ಪಿದ್ದದ್ದು ಸಾಂದ್ರತೆಯಲ್ಲಲ್ಲ, ಬಿಗುವಿನಲ್ಲಿ ಎಂಬುದು ಗಮನಿಸಬೇಕಾದ ಮಾತು.

ಫರಸಿ ಮತ್ತು ಕಂಬ

ನಮ್ಮ ಮನೆ ಕಟ್ಟುವಾಗ ಅಪ್ಪನ ಜೊತೆ ಶಹಾಬಾದಿನ ಕಡೆಗೆ ಫರಸಿ ಆರಿಸಲು ಹೋಗಿದ್ದೆ. ರಸ್ತೆಯ ಎರಡೂ ಬದಿಗೆ ಬೂದು-ನೀಲಿ ಬಣ್ಣದ ಹಾಸುಗಲ್ಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು. ಅಲ್ಲಿದ್ದ ವಯಸ್ಸಾದ ಕೆಲಸಗಾರರೊಬ್ಬರು ಪ್ರತಿ ಕಲ್ಲನ್ನೂ ಎಡಗೈಯಿಂದ ತುದಿಯಲ್ಲಿ ಸ್ವಲ್ಪ ಎತ್ತಿ ಹಿಡಿದು, ಸಣ್ಣ ಸುತ್ತಿಗೆಯಿಂದ ನಡುವೆ ಒಂದು ಪೆಟ್ಟು ಕೊಡುತ್ತಿದ್ದರು. ಖಣ್ ಎಂದದ್ದು ನಮ್ಮ ಗಾಡಿಗೆ, ಬದ್ ಎಂದದ್ದು ಪಕ್ಕಕ್ಕೆ. ಪಕ್ಕಕ್ಕಿಟ್ಟ ಕಲ್ಲೊಂದನ್ನು ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ಗೆರೆಯೂ ಕಾಣಲಿಲ್ಲ. “ಕಾಕಾ, ಇದಕ್ಕೇನಾಗ್ಯಾದ? ಚೊಲೋ ಅದಲ್ಲ” ಎಂದರು. ಆ ಹಿರಿಯರು ಸುತ್ತಿಗೆಯ ಹಿಡಿಯನ್ನು ಅಪ್ಪನ ಕೈಗೆ ಕೊಟ್ಟು, “ನೀವೇ ಬಡದು ಕೇಳ್ರಿ. ಒಳಗ ಪದರ ಬಿಟ್ಟದ. ಹಾಸಿದ ಮ್ಯಾಲ ಒಂದ್ ಮಳಿಗಾಲಕ್ಕ ಎದ್ದು ಬರ್ತದ” ಎಂದರು.

ಶಹಾಬಾದ್ ಕಲ್ಲು ಸುಣ್ಣಕಲ್ಲು. ಪದರ ಪದರವಾಗಿ ಕೂತದ್ದು. ಪದರಗಳು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಇಡೀ ಕಲ್ಲು ಒಂದಾಗಿ ಕಂಪಿಸುತ್ತದೆ. ಒಳಗೆ ಎಲ್ಲೋ ಬಿಟ್ಟುಕೊಂಡಿದ್ದರೆ ಕಲ್ಲಿನ ತೂಕ ಒಂದು ಗುಂಜಿಯೂ ಬದಲಾಗುವುದಿಲ್ಲ, ಬಿಗುವು ಮಾತ್ರ ಬಿದ್ದುಹೋಗುತ್ತದೆ. ಶ್ರುತಿ ಇಳಿಯುತ್ತದೆ, ನಾದ ಬೇಗ ಸಾಯುತ್ತದೆ. ಆ ಹಿರಿಯರು ಕೇಳುತ್ತಿದ್ದದ್ದು ನೇರವಾಗಿ ಶಬ್ದದ ವೇಗವನ್ನಲ್ಲ, ಕಲ್ಲಿನ ಕಂಪನವನ್ನು. ಆದರೆ ಕಂಪನವನ್ನೂ ವೇಗವನ್ನೂ ನಿರ್ಧರಿಸುವ ಎರಡು ಗುಣಗಳು ಅವೇ. ಬೀದರಿನ ಕೆಂಪು ಜಂಬಿಟ್ಟಿಗೆಯನ್ನು ಹೀಗೆ ಬಡಿದರೆ ಒಳ್ಳೆಯ ಕಲ್ಲಿನಲ್ಲೂ ಖಣ್ ಎಂಬ ನಾದ ಬರುವುದಿಲ್ಲ. ಅದು ತೂತುತೂತಾದ ಕಲ್ಲು. ತೂತುಗಳಲ್ಲಿ ಗಾಳಿ ಇದೆ. ಮಳೆಗಾಲದಲ್ಲಿ ಆ ತೂತುಗಳು ಪೂರ್ತಿ ನೀರು ಕುಡಿದರೆ ಕಲ್ಲಿನ ಭಾರ ಏರುತ್ತದೆ, ಆದರೂ ಅದರೊಳಗೆ ಶಬ್ದ ಮೊದಲಿಗಿಂತ ಬೇಗ ಸಾಗುತ್ತದೆ. ತೂತಿನಲ್ಲಿದ್ದ ಮೆತ್ತನೆಯ ಗಾಳಿಯ ಜಾಗಕ್ಕೆ ಬಗ್ಗದ ನೀರು ಬಂದಿರುತ್ತದೆ. ನೆಲದ ಮೇಲೆ ಸುತ್ತಿಗೆಯಿಂದ ಬಡಿದು, ದೂರದಲ್ಲಿಟ್ಟ ಮಾಪಕಗಳಿಗೆ ಕಂಪನ ತಲುಪುವ ಹೊತ್ತನ್ನು ಅಳೆದು, ಒಣ ಮಣ್ಣು ಎಲ್ಲಿ ಮುಗಿದು ಗಟ್ಟಿ ಬಂಡೆ ಎಲ್ಲಿ ಶುರುವಾಗುತ್ತದೆ ಎಂದು ಭೂವಿಜ್ಞಾನಿಗಳು ಹೇಳುವುದು ಇಂಥ ವ್ಯತ್ಯಾಸಗಳಿಂದಲೇ.

ಸುತ್ತಿಗೆಯ ಪೆಟ್ಟಿಗೆ ಗಡಿಯಾರ ಸೇರಿದ ರೂಪವನ್ನು ನಾನು ನೋಡಿದ್ದು ಒಂದು ಹಳೆಯ ನೀರಿನ ಟ್ಯಾಂಕಿನ ಕೆಳಗೆ. ಪರಿಚಯದ ಎಂಜಿನಿಯರ್ ಒಬ್ಬರು ಅದರ ಕಂಬಗಳನ್ನು ಪರೀಕ್ಷಿಸುತ್ತಿದ್ದರು. ಕೈಯಲ್ಲಿ ಹಿಡಿಯುವಂಥ ಪೆಟ್ಟಿಗೆ, ಅದರಿಂದ ಹೊರಟ ಎರಡು ವೈರುಗಳು, ತುದಿಗೆ ಹಿಡಿಗಾತ್ರದ ಎರಡು ಲೋಹದ ತುಂಡುಗಳು. ಎರಡಕ್ಕೂ ಗ್ರೀಸ್ ಬಳಿದು, ಕಂಬದ ಈಚೆ ಒಂದನ್ನೂ ಆಚೆ ಒಂದನ್ನೂ ಎದುರುಬದುರಾಗಿ ಒತ್ತಿ ಹಿಡಿದರು. ಒಂದು ತುಂಡು ನಮ್ಮ ಕಿವಿಗೆ ಕೇಳದ ಶಬ್ದವನ್ನು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ, ಪೆಟ್ಟಿಗೆ ನಡುವಿನ ಸಮಯವನ್ನು ತೋರಿಸುತ್ತದೆ. 400 ಮಿಲಿಮೀಟರ್ ದಪ್ಪದ ಕಂಬದಲ್ಲಿ ಮೇಲ್ಭಾಗದಲ್ಲಿ 95 ಮೈಕ್ರೋಸೆಕೆಂಡು ಬಂತು. ಅಂದರೆ ಸೆಕೆಂಡಿಗೆ 4.2 ಕಿಲೋಮೀಟರ್. ಬುಡದ ಹತ್ತಿರ ಅದೇ ದಪ್ಪಕ್ಕೆ 140. ವೇಗ ಮೂರು ಕಿಲೋಮೀಟರಿಗಿಂತ ಕೆಳಗೆ. ಒಳಗಿನ ಬಿರುಕಿನಲ್ಲಿರುವ ಗಾಳಿಯನ್ನು ಶಬ್ದ ದಾಟಲಾರದೆ ಸುತ್ತು ಹಾಕಿ ಬರುತ್ತದೆ ಎಂದು ಅವರು ವಿವರಿಸಿದರು. 2018ರವರೆಗೆ ಜಾರಿಯಲ್ಲಿದ್ದ 1992ರ ಭಾರತೀಯ ಮಾನಕ ಐಎಸ್ 13311ರ ಪ್ರಕಾರ 4.5 ಕಿಲೋಮೀಟರಿಗಿಂತ ಮೇಲಿದ್ದರೆ ಕಾಂಕ್ರೀಟು ಅತ್ಯುತ್ತಮ, ಮೂರೂವರೆಯಿಂದ ನಾಲ್ಕೂವರೆಯವರೆಗೆ ಉತ್ತಮ, ಮೂರಕ್ಕಿಂತ ಕಡಿಮೆಯಿದ್ದರೆ ಅನುಮಾನಾಸ್ಪದ ಎನ್ನಲಾಗುತ್ತಿತ್ತು.

ಆ ಗ್ರೀಸ್ ಯಾಕೆ ಬೇಕು ಎಂಬುದು ನನಗೆ ಅಂದಿನ ಪಾಠಗಳಲ್ಲೆಲ್ಲ ಮುಖ್ಯವಾಗಿ ಕಂಡಿತು. ಲೋಹಕ್ಕೂ ಕಾಂಕ್ರೀಟಿಗೂ ನಡುವೆ ಕಾಗದದಷ್ಟು ತೆಳುವಾದ ಗಾಳಿಯ ಪದರ ಉಳಿದರೂ ಶಬ್ದದ ಬಹುಪಾಲು ಅಲ್ಲೇ ತಿರುಗಿಬೀಳುತ್ತದೆ. ಎರಡು ವಸ್ತುಗಳ ಸಾಂದ್ರತೆಯನ್ನೂ ವೇಗವನ್ನೂ ಗುಣಿಸಿ ಹೋಲಿಸಿದಾಗ ಅಂತರ ದೊಡ್ಡದಾಗಿದ್ದರೆ, ಗಡಿಯಲ್ಲಿ ದಾಟುವ ಪಾಲು ಸಣ್ಣದು. ಗಟ್ಟಿ ಬಂಡೆಯಿಂದ ಗಾಳಿಗೆ ನೇರವಾಗಿ ದಾಟುವ ಶಕ್ತಿ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು.

ಗಡಿಕೇಶ್ವಾರದ ಸಪ್ಪಳ

ಚಿಂಚೋಳಿ ಭಾಗದ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಸದ್ದು ಬರುವುದು ವರ್ಷಗಳಿಂದ ಇದ್ದ ಮಾತು. 2021ರ ಅಕ್ಟೋಬರಿನಲ್ಲಿ ಅದು ಜೋರಾಯಿತು. 4ರ ಆಸುಪಾಸಿನ ತೀವ್ರತೆಯ ಕಂಪನವೂ ಆಯಿತು. ಜನ ಮನೆಯೊಳಗೆ ಮಲಗಲು ಹೆದರಿ ಅಂಗಳದಲ್ಲಿ ರಾತ್ರಿ ಕಳೆದರು, ಕೆಲವರು ಊರನ್ನೇ ಬಿಟ್ಟು ನೆಂಟರ ಮನೆಗಳಿಗೆ ಹೋದರು. ಆ ಕಡೆಯಿಂದ ಬಂದು ಸಂಬಂಧಿಕರ ಮನೆಯಲ್ಲಿದ್ದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿ ಎದ್ದು ನಿಂತು ಕೇಳಿದಳು: “ಮೇಡಂ, ಮೊದಲ ಭೂಮ್ಯಾಗಿಂದ ಸಪ್ಪಳ ಬರ್ತದ, ಆಮ್ಯಾಲ ಮನಿ ಅಳ್ಳಾಡ್ತದ. ಎರಡೂ ಕೂಡೇ ಯಾಕ ಬರಂಗಿಲ್ರೀ?” ಶಬ್ದದ ಪಾಠದಲ್ಲಿ ಮಕ್ಕಳಿಂದ ನನಗೆ ಬಂದ ಪ್ರಶ್ನೆಗಳಲ್ಲೆಲ್ಲ ಇದು ದೊಡ್ಡದು. ಅವಳು ಕೇಳಿದ್ದು ಭಯದಿಂದ, ಆದರೆ ಗಮನಿಸಿದ್ದು ಸರಿಯಾಗಿ.

ಬಂಡೆಯೊಳಗೆ ಎರಡು ಬಗೆಯ ಅಲೆಗಳು ಹೊರಡುತ್ತವೆ. ಬಂಡೆಯನ್ನು ಹಿಂದೆ ಮುಂದೆ ಅದುಮುತ್ತ ಸಾಗುವುದು ಒಂದು. ಅದು ಎಲ್ಲ ರೀತಿಯಲ್ಲೂ ಶಬ್ದವೇ, ವೇಗ ಸೆಕೆಂಡಿಗೆ ಆರು ಕಿಲೋಮೀಟರಿನ ಹತ್ತಿರ. ಬಂಡೆಯನ್ನು ಅಡ್ಡಡ್ಡ ಹೊರಳಿಸುತ್ತ ಸಾಗುವುದು ಇನ್ನೊಂದು. ಅಡ್ಡ ಹೊರಳಿಸುವುದಕ್ಕೆ ಬಂಡೆ ತೋರುವ ಬಿಗುವು ಕಡಿಮೆ, ಆದ್ದರಿಂದ ಅದರ ವೇಗ ಮೂರೂವರೆ ಕಿಲೋಮೀಟರಿನಷ್ಟು. ಭಾರ ಅದೇ, ಬಂಡೆ ಅದೇ, ಬಿಗುವು ಎರಡು ಬಗೆ, ವೇಗವೂ ಎರಡು ಬಗೆ. ಮೊದಲು ಬರುವ ಅಲೆ ನೆಲದ ಮೇಲ್ಮೈಯನ್ನು ಸಣ್ಣದಾಗಿ ಅಲುಗಿಸುತ್ತದೆ. ಗಾಳಿಗೆ ದಾಟುವುದು ಹತ್ತು ಸಾವಿರದಲ್ಲಿ ಒಂದು ಪಾಲಾದರೂ, ಇಡೀ ಊರಿನ ನೆಲ ಒಟ್ಟಿಗೆ ಅಲುಗುವುದರಿಂದ ಕಿವಿಗೆ ಅಷ್ಟೇ ಸಾಕು. ಗಟ್ಟಿ ಸುಣ್ಣಕಲ್ಲು ವೇಗದ ಕಂಪನಗಳನ್ನು ಮೆತು ಮಣ್ಣಿನಷ್ಟು ನುಂಗಿಹಾಕುವುದಿಲ್ಲ. ಕಂಪನದ ಮೂಲ ಆಳದಲ್ಲಿಲ್ಲದಿದ್ದರೆ ಸೆಕೆಂಡಿಗೆ ಇಪ್ಪತ್ತಕ್ಕಿಂತ ಹೆಚ್ಚಿನ ಕಂಪನಗಳು ಮೇಲಕ್ಕೆ ತಲುಪಿ ಕೇಳಿಸುತ್ತವೆ. ಗೋಡೆಯನ್ನು ಅಲ್ಲಾಡಿಸುವ ಬಲ ಹೆಚ್ಚಾಗಿರುವುದು ಹಿಂದೆ ಬರುವ ಅಡ್ಡ ಅಲೆಯಲ್ಲಿ.

ಒಂದೇ ಘಟನೆ ಎರಡು ಸಲ ತಲುಪುವುದನ್ನು ಪ್ಯಾರಿಸ್ಸಿನಲ್ಲಿ ಬಿಯೋ ಎಂಬ ವಿಜ್ಞಾನಿ 1808ರಲ್ಲೇ ಕೇಳಿದ್ದ. 951 ಮೀಟರ್ ಉದ್ದದ ಎರಕದ ಕಬ್ಬಿಣದ ನೀರಿನ ಕೊಳವೆಯ ಒಂದು ತುದಿಗೆ ಬಡಿಸಿ ಇನ್ನೊಂದು ತುದಿಯಲ್ಲಿ ಕಿವಿಗೊಟ್ಟಾಗ, ಕಬ್ಬಿಣದೊಳಗಿನ ಸದ್ದು ಮೊದಲು ಬಂತು, ಕೊಳವೆಯ ಗಾಳಿಯೊಳಗಿನ ಸದ್ದು ಎರಡೂವರೆ ಸೆಕೆಂಡು ತಡವಾಗಿ. ಆ ಅಂತರದಿಂದಲೇ ಅವನು ಕಬ್ಬಿಣದಲ್ಲಿ ಶಬ್ದದ ವೇಗವನ್ನು ಅಂದಾಜು ಮಾಡಿದ.

ಹುಡುಗಿಗೆ ಉತ್ತರವಾಗಿ ನಾನು ಬೋರ್ಡಿನ ಮೇಲೆ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದ ಲೆಕ್ಕ ಹಾಕಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತಿನಲ್ಲಿ, ಅಲ್ಲಿ ನೆಲ ಒಡೆದು ಸಾವಿರಾರು ಜನ ಸತ್ತರು. ಕಲಬುರಗಿ, ಬೀದರಿನಲ್ಲೂ ಜನ ಬೀದಿಗೆ ಓಡಿಬಂದರು. ಕಿಲ್ಲಾರಿ ಕಲಬುರಗಿಯಿಂದ ನೇರ ಗೆರೆಯಲ್ಲಿ ಸುಮಾರು 90 ಕಿಲೋಮೀಟರ್. ಅದುಮುವ ಅಲೆಗೆ 15 ಸೆಕೆಂಡು, ಅಡ್ಡ ಅಲೆಗೆ 26. ಗಾಳಿಯಲ್ಲಿ ಸದ್ದು ಬರುವುದಾಗಿದ್ದರೆ ನಾಲ್ಕು ನಿಮಿಷಕ್ಕೂ ಹೆಚ್ಚು. ಆ ನಸುಕಿನಲ್ಲಿ ನಮ್ಮ ಹಿರಿಯರು ಕೇಳಿದೆವು ಎನ್ನುವ ಗುಡುಗು ಕಿಲ್ಲಾರಿಯಿಂದ ಗಾಳಿಯಲ್ಲಿ ಬಂದದ್ದಲ್ಲ, ಅವರ ಮನೆಯ ನೆಲವೇ ಎಬ್ಬಿಸಿದ್ದು. ಎರಡು ಅಲೆಗಳ ನಡುವಿನ ಅಂತರ 11 ಸೆಕೆಂಡು. ಅದನ್ನು ಎಂಟರಿಂದ ಗುಣಿಸಿದರೆ ಹೆಚ್ಚುಕಡಿಮೆ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಭೂಕಂಪ ಮಾಪಕದ ಗೆರೆಗಳಿಂದ ದೂರ ತೆಗೆಯುವ ಒರಟು ಸೂತ್ರ ಇದು.

ನಿಮ್ಮೂರಲ್ಲಿ ಸಪ್ಪಳಕ್ಕೂ ನಡುಕಕ್ಕೂ ನಡುವೆ ಎಷ್ಟು ಹೊತ್ತು ಎಂದು ಕೇಳಿದೆ. ಅವಳು ಬೆಂಚಿನ ಮೇಲೆ ಬೆರಳಿನಿಂದ ಎರಡು ಸಲ ಬೇಗ ಬಡಿದು ತೋರಿಸಿದಳು: ಅರ್ಧ ಸೆಕೆಂಡು ಇರಬಹುದು. ಅರ್ಧ ಎಂಟಲೆ ನಾಲ್ಕು. “ಹಂಗಾದ್ರ ನಮ್ಮೂರ ಕೆಳಗೇ ಅದರೀ” ಎಂದಳು. ನಾಲ್ಕು ಕಿಲೋಮೀಟರ್ ಎನ್ನುವುದು ದೂರ ಮಾತ್ರ, ಅದು ಕೆಳಗೋ ಪಕ್ಕಕ್ಕೋ ಎಂದು ಒಂದೇ ಜಾಗದಲ್ಲಿ ಕೂತವರು ಹೇಳಲಾಗದು ಎಂದೆ. ನಿಮ್ಮೂರಲ್ಲೊಂದು, ಹೊಲದಾಚೆಯ ಊರಲ್ಲೊಂದು, ಹಳ್ಳದಾಚೆ ಇನ್ನೊಂದು ಮಾಪಕ ಇಟ್ಟು ಮೂರರ ಅಂತರಗಳನ್ನೂ ಹೋಲಿಸಬೇಕು. ಬೋರ್ಡಿನ ಮೇಲೆ ಮೂರು ಚುಕ್ಕಿ ಇಟ್ಟು, ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ಮೂರು ವೃತ್ತಗಳನ್ನು ಎಳೆಯಲು ಹೇಳಿದೆ.